'ಕರ್ವಾಲೊ' ಕಾದಂಬರಿಯಲ್ಲಿ ವೀರಯಾತ್ರೆಯ ವಿನ್ಯಾಸ

ವೀರಯಾತ್ರೆಯು ಪುರಾಣ ಹಾಗೂ ಜನಪದ ಕಥೆಗಳಲ್ಲಿ ಮರುಕಳಿಸುವ ಒಂದು ಕಥನ ವಿನ್ಯಾಸವಾಗಿದೆ. ಅಮೆರಿಕದ ವಿದ್ವಾಂಸ ಜೋಸೆಫ್ ಕ್ಯಾಂಬೆಲ್ 1949ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ನಿರ್ಗಮನ, ದೀಕ್ಷೆ ಮತ್ತು ಪುನರಾಗಮನ ಎಂಬ ಮೂರು ಘಟ್ಟಗಳಾಗಿ ವಿಂಗಡಿಸಿದರು. ಸೂಪರ್‌ಹೀರೋ ಚಲನಚಿತ್ರಗಳು ಬಹುಮಟ್ಟಿಗೆ ಇದೇ ಹಾದಿಯಲ್ಲಿ ಸಾಗುತ್ತವೆ. ಮೂಡಿಗೆರೆಯಲ್ಲಿ ನೆಲೆಸಿದ್ದ ಲೇಖಕ, ಕೃಷಿಕ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ (1938–2007) 'ಕರ್ವಾಲೊ' (1980) ಕಾದಂಬರಿಯನ್ನೂ ಈ ಹಿನ್ನೆಲೆಯಲ್ಲಿ ಓದಬಹುದಾಗಿದೆ.

ಘಟ್ಟಗಳು

ನಿರ್ಗಮನ: ಮೂಡಿಗೆರೆಯ ಬೇಸಾಯದ ಜಂಜಾಟದಲ್ಲಿ ಮುಳುಗಿರುವ ನಿರೂಪಕನಿಗೆ ವಿಜ್ಞಾನಿ ಕರ್ವಾಲೊ ಪರಿಚಯವಾಗುತ್ತಾರೆ. ಹಾರುವ ಓತಿಯ ಸುದ್ದಿಯೇ ಅವನಿಗೆ ಬರುವ ಕರೆ.

ದೀಕ್ಷೆ: ಮಂದಣ್ಣ, ಪ್ರಭಾಕರ, ಕರಿಯಪ್ಪ, ಎಂಗ್ಟ ಹಾಗೂ ಕಿವಿ ಎಂಬ ನಾಯಿಯೊಡನೆ ಇಬ್ಬರೂ ಕಾಡನ್ನು ಹೊಗುತ್ತಾರೆ. ಗುರುವಿನ ಸ್ಥಾನ ಕರ್ವಾಲೊ ಅವರದಾದರೂ, ಕಾಡಿನ ಮರ್ಮ ಬಲ್ಲವನು ಊರವರು ಲೆಕ್ಕಕ್ಕಿಡದ ಮಂದಣ್ಣ.

ಪುನರಾಗಮನ: ಓತಿಯು ಕಣ್ಣಿಗೆ ಬಿದ್ದರೂ ಕೈಗೆ ಸಿಗದೆ ಕಣಿವೆಯತ್ತ ತೇಲಿ ಮರೆಯಾಗುತ್ತದೆ.

ವ್ಯತ್ಯಾಸ

ಕ್ಯಾಂಬೆಲ್ ವಿವರಿಸುವ ವೀರನು ಗೆದ್ದ ವರದೊಡನೆ ತನ್ನವರ ಬಳಿಗೆ ಮರಳುತ್ತಾನೆ. ಸೂಪರ್‌ಹೀರೋ ತನ್ನ ಶಕ್ತಿಯಿಂದ ಊರನ್ನು ಕಾಯುತ್ತಾನೆ. 'ಕರ್ವಾಲೊ'ದಲ್ಲಿ ಅಂಥ ಗೆಲುವಿಲ್ಲ, ಒಬ್ಬನೇ ವೀರನೂ ಇಲ್ಲ. ಹುಡುಕಾಟ ಇಡೀ ತಂಡದ್ದು. ಬರಿಗೈಯಲ್ಲಿ ಉಳಿದರೂ ಅವರಿಗೆ ದಕ್ಕುವುದು ಜೀವವಿಕಾಸದ ಅಗಾಧತೆಯ ಒಂದು ನೋಟ. ನಿಸರ್ಗವನ್ನು ಗೆಲ್ಲುವುದಕ್ಕಿಂತ ಅದರೆದುರು ಬೆರಗಾಗುವುದನ್ನೇ ಕಾದಂಬರಿಯು ಯಾತ್ರೆಯ ಫಲವಾಗಿಸುತ್ತದೆ.