‘ಆಫ್‌ಸೆಟ್’ ಎಂಬ ಶಬ್ದ: ಮೋಜಣಿ ಟಿಪ್ಪಣಿಗಳನ್ನು ಓದುವವರಿಗೆ ಒಂದು ವಿವರಣೆ

ಕಳೆದ ವರ್ಷ ನಮ್ಮ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಬೆಂಗಳೂರಿನ ದಕ್ಷಿಣ ಭಾಗದ ಹಳ್ಳಿಗಳನ್ನು ಕುರಿತು ಪ್ರಬಂಧವೊಂದನ್ನು ಸಿದ್ಧಪಡಿಸಿದ್ದರು. ಕೆರೆಯ ಅಂಚಿನ ಜಮೀನೊಂದರ ರೈತನಿಗೆ ಸರ್ಕಾರವು ‘ಆರಾಣೆ ಪರಿಹಾರ’ ಕೊಟ್ಟಿತೆಂದೂ, ಅಂದಿನ ಆಡಳಿತದ ಕಾರ್ಪಣ್ಯಕ್ಕೆ ಇದೇ ನಿದರ್ಶನವೆಂದೂ ಅದರಲ್ಲಿ ಬರೆದಿತ್ತು. ಮೂಲವನ್ನು ತರಿಸಿ ನೋಡಿದೆವು. ಅದು ಹಣದ ಕಾಗದವೇ ಅಲ್ಲ. ಮೋಜಣಿ ಟಿಪ್ಪಣಿಯೊಂದರ ಇಂಗ್ಲಿಷ್ ವಿವರಣೆ. ಅಲ್ಲಿದ್ದ ಮಾತು ‘ಎಡಕ್ಕೆ ಆಫ್‌ಸೆಟ್, ಆರು ಆಣೆ’ ಎಂಬುದಷ್ಟೆ. ವಿದ್ಯಾರ್ಥಿಯು ನಿಘಂಟನ್ನು ತೆರೆದು ಮೊದಲು ದೊರೆತ ಅರ್ಥವನ್ನು ಹಿಡಿದಿದ್ದರು. ಮೊದಲ ಓದಿನಲ್ಲಿ ನಮಗೂ ಅನುಮಾನ ಬರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಆದುದರಿಂದ ಈ ಪದದ ಅರ್ಥವನ್ನು ಇಲ್ಲಿ ವಿಚಾರಿಸಲು ತೊಡಗಿದ್ದೇವೆ.

ಮುಖ್ಯವಾದ ಒಂದರಿಂದ ಪಕ್ಕಕ್ಕೆ ಸರಿದು ನಿಂತದ್ದು ಎಂಬುದೇ ಈ ಶಬ್ದದ ಬಹುತೇಕ ಬಳಕೆಗಳ ಹಿಂದಿರುವ ಭಾವ. ತೋಟಗಾರಿಕೆಯಲ್ಲಿ ತಾಯಿಗಿಡದ ಬುಡದಿಂದ ಪಕ್ಕಕ್ಕೆ ಒಡೆದ ಮರಿಯನ್ನು ಇಂಗ್ಲಿಷಿನವರು ಹಾಗೆ ಕರೆಯುತ್ತಾರೆ. ಕತ್ತಾಳೆಯ ಸುತ್ತ ಏಳುವ ಮರಿಗಳು ಇದಕ್ಕೆ ಉದಾಹರಣೆ. ಬಾಳೆಯ ವಿಷಯದಲ್ಲಿ ಇಂತಹದಕ್ಕೆ ‘ಕಂದು’ ಎಂಬ ಸೊಗಸಾದ ಮಾತು ನಮ್ಮಲ್ಲಿಯೇ ಇದೆ. ಮುದ್ರಣದಲ್ಲಿ ಅಚ್ಚಿನ ಫಲಕವು ಕಾಗದವನ್ನು ನೇರವಾಗಿ ಮುಟ್ಟುವುದಿಲ್ಲ. ಮಸಿಯು ಮೊದಲು ರಬ್ಬರಿನ ಹೊದಿಕೆಗೆ, ಅಲ್ಲಿಂದ ಕಾಗದಕ್ಕೆ ಇಳಿಯುತ್ತದೆ. ೨೦ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಐರಾ ರೂಬೆಲ್ ಎಂಬವನು ಇದನ್ನು ಕಾಗದದ ಮುದ್ರಣಕ್ಕೆ ಅಳವಡಿಸಿದನು. ಬೆಂಗಳೂರಿನ ಮುದ್ರಣಾಲಯಗಳ ಫಲಕಗಳ ಮೇಲೆ ಈ ಪದವನ್ನು ಕಾಣದವರು ವಿರಳ. ಲೆಕ್ಕದಲ್ಲಿ ಒಂದು ಬಾಕಿಗೆ ಇನ್ನೊಂದನ್ನು ವಜಾ ಹಾಕುವುದು, ‘ಸಾಲಕ್ಕೆ ಮುರಿದುಕೊಳ್ಳುವುದು’ ಎಂದು ನಮ್ಮ ಜನ ಹೇಳುವುದು, ಇದೂ ಆಫ್‌ಸೆಟ್ಟೇ. ಇಂಗಾಲದ ಹೊಗೆಗೆ ಪ್ರತಿಯಾಗಿ ಬೇರೆಡೆ ಮರ ನೆಡುವ ಲೆಕ್ಕವು ಈ ಅರ್ಥದ ಈಚಿನ ಸಂತಾನ. ವಿದ್ಯಾರ್ಥಿಯನ್ನು ದಾರಿ ತಪ್ಪಿಸಿದ್ದೂ ಈ ಅರ್ಥವೇ.

ಮೋಜಣಿಯ ಅರ್ಥವು ಬೇರೆ. ಹೊಲದ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಸರಪಳಿಯನ್ನು ನೇರವಾಗಿ ಎಳೆಯುತ್ತಾರೆ. ಆದರೆ ಕೆರೆಯ ಏರಿಯಾಗಲಿ, ಹಳ್ಳವಾಗಲಿ, ಬದುವಾಗಲಿ ನೇರವಾಗಿ ಹೋಗುವುದುಂಟೆ? ಅದು ಬಾಗಿದಲ್ಲೆಲ್ಲ ಸರಪಳಿಯ ಗೆರೆಯ ಮೇಲೆ ನಿಂತು, ಲಂಬವಾಗಿ ಆ ಬಾಗಿನವರೆಗೆ ಅಳೆದು, ಎರಡು ಅಂಕಿಗಳನ್ನು ಬರೆದುಕೊಳ್ಳುತ್ತಾರೆ: ಗೆರೆಯ ಉದ್ದಕ್ಕೆ ಎಷ್ಟು ದೂರ ಬಂದೆವು, ಅಲ್ಲಿಂದ ಎಡಕ್ಕೋ ಬಲಕ್ಕೋ ಎಷ್ಟು ದೂರ ಎಂದು. ಈ ಎರಡನೆಯ ಅಳತೆಯೇ ಆಫ್‌ಸೆಟ್. ಎಡ ಬಲಗಳು ಅದಲುಬದಲಾದರೆ ಒಬ್ಬನ ಹೊಲವು ಇನ್ನೊಬ್ಬನದಾಗುತ್ತದೆ.

೧೮೬೩ರಲ್ಲಿ ಮೈಸೂರು ಸಂಸ್ಥಾನದಲ್ಲಿ ಬೊಂಬಾಯಿ ಪದ್ಧತಿಯ ಕಂದಾಯ ಮೋಜಣಿಯು ಪ್ರಾರಂಭವಾಯಿತು. ಆ ಪದ್ಧತಿಯ ಸರಪಳಿ ೩೩ ಅಡಿ ಉದ್ದ. ಅದರಲ್ಲಿ ೧೬ ಭಾಗ, ಒಂದೊಂದು ಭಾಗಕ್ಕೆ ಒಂದು ಆಣೆ ಎಂದು ಹೆಸರು. ಸರಪಳಿಯ ಚದರವೇ ಒಂದು ಗುಂಟೆ, ಎಂದರೆ ೧,೦೮೯ ಚದರಡಿ. ೪೦ ಗುಂಟೆಗೆ ಒಂದು ಎಕರೆ. ಗುಂಟೆಗೂ ೧೬ ಆಣೆ. ಹೀಗೆ ರೂಪಾಯಿಯ ಆಣೆ, ಉದ್ದದ ಆಣೆ, ವಿಸ್ತೀರ್ಣದ ಆಣೆ ಎಂದು ಮೂರು ಆಣೆಗಳು ಒಂದೇ ಕಾಲದಲ್ಲಿ ನಡೆಯುತ್ತಿದ್ದವು. ನಮ್ಮ ವಿದ್ಯಾರ್ಥಿಯ ತಪ್ಪು ಅಷ್ಟು ಹಾಸ್ಯಾಸ್ಪದವಲ್ಲವೆಂದು ನಾವು ಹೇಳುವುದು ಈ ಕಾರಣದಿಂದಲೇ.

ಉದ್ದದ ಆಣೆ ಎರಡು ಅಡಿ ಮುಕ್ಕಾಲು ಅಂಗುಲ. ಅಲ್ಪವೆಂದು ತೋರಬಹುದು. ಲೆಕ್ಕ ಹಾಕಿ ನೋಡೋಣ. ಅಕ್ಕಪಕ್ಕದ ಎರಡು ಆಫ್‌ಸೆಟ್‌ಗಳನ್ನು ಕೂಡಿಸಿ, ಅರ್ಧ ಮಾಡಿ, ಅವುಗಳ ನಡುವಣ ದೂರದಿಂದ ಗುಣಿಸಿದರೆ ಆ ತುಂಡಿನ ವಿಸ್ತೀರ್ಣ ಬರುತ್ತದೆ. ೨ ಮತ್ತು ೩ ಸರಪಳಿಯ ಆಫ್‌ಸೆಟ್‌ಗಳ ನಡುವೆ ೪ ಸರಪಳಿ ದೂರವಿದ್ದರೆ ೧೦ ಗುಂಟೆ. ಹತ್ತು ಸರಪಳಿ ಉದ್ದದ ಅಂಚಿನಲ್ಲಿ ಪ್ರತಿಯೊಂದು ಆಫ್‌ಸೆಟ್ಟನ್ನೂ ಆರಾಣೆಯಷ್ಟು ತಪ್ಪಾಗಿ ಓದಿದೆವೆನ್ನಿ: ೩ ಗುಂಟೆ ೧೨ ಆಣೆ, ಅಂದರೆ ನಾಲ್ಕು ಸಾವಿರ ಚದರಡಿಗೂ ಮೇಲು, ಅತ್ತಿತ್ತ ಆಗುತ್ತದೆ. ಇಂದಿನ ಬನಶಂಕರಿಯಲ್ಲಿಯೋ ಜೆ.ಪಿ. ನಗರದಲ್ಲಿಯೋ ಅದು ೩೦ x ೪೦ ಅಡಿಯ ಮೂರು ನಿವೇಶನಗಳಿಗೂ ಹೆಚ್ಚು.

ಇದು ಕೇವಲ ಊಹೆಯ ಮಾತಲ್ಲ. ೧೯೪೮ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಮೇಲೆ ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿಗಳ ಹೊಲಗಳು ಕ್ರಮಕ್ರಮವಾಗಿ ಬಡಾವಣೆಗಳ ಸೀಮೆಗೆ ಬಂದವು; ಬಿ.ಟಿ.ಎಂ. ಬಡಾವಣೆಯಂತೂ ಬೈರಸಂದ್ರ, ತಾವರೆಕೆರೆ, ಮಡಿವಾಳಗಳನ್ನು ತನ್ನ ಹೆಸರಿನಲ್ಲಿಯೇ ಹೊತ್ತಿದೆ. ಹೊಲಗಳ ಬದು ಅಳಿಸಿಹೋದರೂ ಕೆರೆಗಳ ಎಲ್ಲೆಯು ಕಾಗದದ ಮೇಲೆ ಉಳಿಯಿತು. ೨೦೧೫ರ ಏಪ್ರಿಲ್‌ನಲ್ಲಿ ಉಚ್ಚ ನ್ಯಾಯಾಲಯದ ಆದೇಶದಂತೆ ಸಾರಕ್ಕಿ ಕೆರೆಯ ಒತ್ತುವರಿಯನ್ನು ತೆರವುಗೊಳಿಸಿದಾಗ, ಕಾಸು ಕೊಟ್ಟು ಕೊಂಡು ಸಂಸಾರ ಹೂಡಿದ್ದವರ ಮನೆಗಳೂ ಬಿದ್ದವು. ಕೆರೆ ಎಲ್ಲಿ ಮುಗಿಯುತ್ತದೆಂಬ ಪ್ರಶ್ನೆಗೆ ಹಳೆಯ ಅಳತೆಗಳ ಹೊರತು ಬೇರೆ ಉತ್ತರವಿಲ್ಲ. ಕೆರೆಯಂಚಿನಿಂದ ಬಿಡಬೇಕಾದ ತೆರಪು ೭೫ ಮೀಟರೆಂದು ೨೦೧೬ರಲ್ಲಿ ಹಸಿರು ನ್ಯಾಯಮಂಡಳಿಯು ವಿಧಿಸಿತು. ೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಮಾಡಿತು. ಎಷ್ಟು ಮೀಟರೆಂಬ ವಾದವು ಪತ್ರಿಕೆಗಳಲ್ಲಿ ಬಹಳ ನಡೆಯಿತು. ಎಲ್ಲಿಂದ ಎಂಬುದು ಅದಕ್ಕಿಂತ ಮೊದಲಿನ ಪ್ರಶ್ನೆ. ಆ ‘ಎಲ್ಲಿಂದ’ ಎಂಬುದನ್ನು ಗುರುತಿಸಲು ಆಫ್‌ಸೆಟ್ಟುಗಳನ್ನು ಓದಬಲ್ಲವರು ಬೇಕು.

ಪ್ರಾಸಂಗಿಕವಾಗಿ ಒಂದು ಮಾತು. ೧೮೦೦ರಲ್ಲಿ ಲ್ಯಾಂಬ್ಟನ್ನನು ಅಗರ ಮತ್ತು ಬಾಣಸವಾಡಿಗಳ ನಡುವೆ ಏಳು ಮೈಲಿಗೂ ಮಿಕ್ಕ ಆಧಾರರೇಖೆಯನ್ನು ಅಳೆದನು. ಅದರ ವಿಚಾರವಾಗಿ ನಮ್ಮವರು ಅಭಿಮಾನದಿಂದ ಬರೆಯುತ್ತಾರೆ, ಬರೆಯತಕ್ಕದ್ದೇ. ಆದರೆ ಆ ರೇಖೆಯಿಂದ ಯಾವ ರೈತನ ಬದುವೂ ತೀರ್ಮಾನವಾಗಲಿಲ್ಲ. ಅದನ್ನು ತೀರ್ಮಾನಿಸಿದವರು ಹೊಲದಲ್ಲಿ ಸರಪಳಿ ಹಿಡಿದು ನಿಂತ, ಹೆಸರು ಉಳಿಯದ ಮೋಜಣಿದಾರರು.

ಇಂತಹ ಟಿಪ್ಪಣಿಗಳನ್ನು ಪ್ರತಿ ಮಾಡುವಾಗ ‘ಆಫ್‌ಸೆಟ್’ ಎಂಬುದನ್ನು ಅನುವಾದಿಸದೆ ಹಾಗೆಯೇ ಉಳಿಸಿಕೊಂಡು, ಎಡ ಬಲಗಳನ್ನೂ, ಯಾವ ಕಲ್ಲಿನಿಂದ ಯಾವ ಕಲ್ಲಿಗೆ ಸರಪಳಿ ಎಳೆದರೆಂಬುದನ್ನೂ ತಪ್ಪದೆ ಬರೆಯಬೇಕೆಂದು ನಮ್ಮ ವಿಭಾಗದಲ್ಲಿ ಗೊತ್ತುಮಾಡಿಕೊಂಡಿದ್ದೇವೆ. ವಿದ್ಯಾರ್ಥಿಯ ಪ್ರಬಂಧದಲ್ಲಿ ಸರ್ಕಾರದ ಕಾರ್ಪಣ್ಯದ ಪುಟವು ಹೋಯಿತು. ಅದರ ಸ್ಥಾನದಲ್ಲಿ, ಕೆರೆಯ ಏರಿಯು ಆ ಜಮೀನಿನ ಕಡೆಗೆ ಆರಾಣೆಯಷ್ಟು ಬಾಗಿತ್ತೆಂಬ ಒಂದು ಸಾಲು ಬಂದಿದೆ.