ದೊಂಬ ಮತ್ತು ರೋಮ್: ಒಂದು ಶಬ್ದದ ಚರಿತ್ರೆ, ಒಂದು ತಿರಸ್ಕಾರದ ಚರಿತ್ರೆ

ಕನ್ನಡದ 'ದೊಂಬರಾಟ'ಕ್ಕೆ ಎರಡು ಅರ್ಥಗಳುಂಟು. ಗಳುವನ್ನೇರಿ ಹಗ್ಗದ ಮೇಲೆ ನಡೆಯುವವರ ವಿದ್ಯೆಯೆಂಬುದು ಮೊದಲನೆಯದು. ಮರ್ಯಾದೆಗೆಟ್ಟ ನಡೆವಳಿಕೆಯೆಂಬ ನಿಂದೆಯು ಎರಡನೆಯದು. ವಿದ್ಯೆಯ ಹೆಸರು ನಿಂದೆಯಾಗಿ ಪರಿಣಮಿಸಿದ ಬಗೆಯು ವಿಚಾರಾರ್ಹವಾದುದು. ಏಕೆಂದರೆ ಈ ಶಬ್ದದ ಬಂಧುವೊಂದು ಯೂರೋಪಿನಲ್ಲಿಯೂ ಅದೇ ದುರ್ಗತಿಯನ್ನು ಅನುಭವಿಸಿದೆ.

ಯೂರೋಪಿನಲ್ಲಿ ಅಲೆಮಾರಿಗಳೆಂದು ಹೆಸರಾದ ರೋಮಾ ಜನರಿಗೆ, ಈಜಿಪ್ಟಿನಿಂದ ಬಂದವರೆಂಬ ಭ್ರಮೆಯಿಂದ, ಇಂಗ್ಲಿಷರು 'ಜಿಪ್ಸಿ' ಎಂಬ ಹೆಸರನ್ನಿಟ್ಟರು. ಅವರ ನುಡಿಯು ಭಾರತೀಯ ಮೂಲದ್ದೆಂಬುದನ್ನು 1782ರಲ್ಲಿ ರ್ಯೂಡಿಗರನೂ 1783ರಲ್ಲಿ ಗ್ರೆಲ್‌ಮನ್ನನೂ ಪ್ರತಿಪಾದಿಸಿದರು. ನೀರಿಗೆ 'ಪಾನಿ' ಎಂದೂ ಮನುಷ್ಯನಿಗೆ 'ಮನುಷ್' ಎಂದೂ ಅವರು ಹೇಳುವುದೇ ಇದಕ್ಕೆ ಸಾಕ್ಷಿ. ಅವರು ತಮಗೆ ತಾವೇ ಇಟ್ಟುಕೊಂಡಿರುವ 'ರೋಮ್' ಎಂಬ ಹೆಸರನ್ನು ಭಾಷಾಶಾಸ್ತ್ರಜ್ಞರು ಸಂಸ್ಕೃತದ 'ಡೋಂಬ'ದಿಂದ ಸಾಧಿಸುತ್ತಾರೆ. ಕನ್ನಡದ 'ದೊಂಬ'ವೂ ಅದೇ ಕುಟುಂಬದ ಶಬ್ದ. ಆದರೆ ಶಬ್ದಬಾಂಧವ್ಯವು ಜನಬಾಂಧವ್ಯಕ್ಕೆ ಪ್ರಮಾಣವಾಗಲಾರದು. ಇಲ್ಲಿ ಸಿದ್ಧವಾಗುವುದು ಹೆಸರಿನ ನಂಟು ಮಾತ್ರ.

ತಿರಸ್ಕಾರವು ಹೊಸದಲ್ಲ. ಕಲ್ಹಣನು 12ನೆಯ ಶತಮಾನದ ತನ್ನ 'ರಾಜತರಂಗಿಣಿ'ಯಲ್ಲಿ, ಚಕ್ರವರ್ಮರಾಜನು ಡೋಂಬಗಾಯಕನ ಮಕ್ಕಳಾದ ಹಂಸೀ ನಾಗಲತೆಯರನ್ನು ಅಂತಃಪುರಕ್ಕೆ ಸೇರಿಸಿದುದನ್ನು ಜುಗುಪ್ಸೆಯಿಂದಲೇ ವರ್ಣಿಸಿದ್ದಾನೆ. ಆಸ್ಥಾನಕ್ಕೆ ಗಾನವು ಬೇಕಾಗಿತ್ತು, ಗಾಯಕನ ಕುಲವು ಬೇಡವಾಗಿತ್ತು. ಯೂರೋಪಿನಲ್ಲಿಯೂ ಹೀಗೆಯೇ. ವಲಾಕಿಯ, ಮಾಲ್ಡೇವಿಯಗಳಲ್ಲಿ ರೋಮಾ ಕಮ್ಮಾರರೂ ವಾದ್ಯಗಾರರೂ 19ನೆಯ ಶತಮಾನದ ನಡುವಿನವರೆಗೆ ಗುಲಾಮರಾಗಿದ್ದರು. ನಾಜಿಗಳ ಕಾಲದಲ್ಲಿ ಲಕ್ಷಗಟ್ಟಲೆ ಜನ ಹತರಾದರು.

ಮೈಸೂರು ಸೀಮೆಯ ಚರಿತ್ರೆಯಲ್ಲಿ ಈ ಕಾರಣಪರಂಪರೆಯು ಇನ್ನೂ ಸ್ಪಷ್ಟವಾಗುತ್ತದೆ. 1791ರಲ್ಲಿ ಕಾರ್ನ್‌ವಾಲಿಸನ ಸೇನೆಯು ಆಹಾರವಿಲ್ಲದೆ ಶ್ರೀರಂಗಪಟ್ಟಣದಿಂದ ಹಿಂದೆಗೆಯಿತು. 1792ರ ಮುತ್ತಿಗೆಗೆ ಬಂಜಾರರ ಹೇರೆತ್ತುಗಳು ಹೊತ್ತುತಂದ ಧಾನ್ಯವು ಆಧಾರವಾಯಿತು. ಮುಂದೆ ರೈಲುದಾರಿಗಳು ಬಂದು ಹೇರೆತ್ತುಗಳ ಅವಶ್ಯಕತೆಯು ತಪ್ಪಿತು. ಆಗ ಅದೇ ಸಂಚಾರವು ಸರಕಾರದ ಕಣ್ಣಿಗೆ ಸಂಶಯಾಸ್ಪದವಾಗಿ ತೋರಿತು. ಕಂದಾಯವೂ ಪೋಲೀಸೂ ನೆಲೆನಿಂತವರನ್ನೇ ನೆಚ್ಚಿಕೊಂಡಿದ್ದುವು; ಹೊಲವಿಲ್ಲದ, ಜಾಮೀನು ಕೊಡುವ ಪಟೇಲನಿಲ್ಲದ ಮನುಷ್ಯನು ಆ ಲೆಕ್ಕಕ್ಕೆ ಸಿಕ್ಕಲಿಲ್ಲ. ಜಾತಿಯಿಂದ ಕಸುಬು ಬರುವುದಾದರೆ ಅಪರಾಧವೂ ಜಾತಿಯಿಂದಲೇ ಬರುವುದೆಂಬ ತರ್ಕವು ಇದಕ್ಕೆ ಕೂಡಿಕೊಂಡಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಈ ತರ್ಕದ ಫಲ. 1911ರ ಕಾಯಿದೆಯಿಂದ ಅದು ಮದರಾಸು, ಮುಂಬಯಿ ಪ್ರಾಂತಗಳಿಗೂ ಹಬ್ಬಿ, ಕೊರವರೇ ಮೊದಲಾದ ಜನರನ್ನು ಹಾಜರಿ ಪಟ್ಟಿಗೆ ಸೇರಿಸಿತು. ಹುಬ್ಬಳ್ಳಿಯಲ್ಲಿ ಅಂಥವರಿಗಾಗಿ ಏರ್ಪಟ್ಟ 'ಸೆಟ್ಲ್‌ಮೆಂಟಿ'ನ ಹೆಸರು ಆ ಬಡಾವಣೆಗೆ ಇಂದಿಗೂ ಉಳಿದಿದೆ.

ಕಾಯಿದೆಯು 1952ರಲ್ಲಿ ರದ್ದಾಯಿತು. ಪಟ್ಟಿಯಲ್ಲಿದ್ದವರು 'ವಿಮುಕ್ತ'ರೆನಿಸಿಕೊಂಡರು. 1971ರಲ್ಲಿ ಲಂಡನ್ನಿನ ಬಳಿ ಸೇರಿದ ರೋಮಾ ಸಮ್ಮೇಳನವು ಪರರಿತ್ತ ಹೆಸರುಗಳನ್ನು ತಳ್ಳಿ ಸ್ವಂತ ಹೆಸರನ್ನು ಸ್ಥಾಪಿಸಿತು. ಆದರೆ ಕಾಯಿದೆಯು ಅಳಿದರೂ ಮಾತಿನೊಳಗಣ ನಿಂದೆಯು ಅಳಿಯದು. ಆದಕಾರಣ ತರಗತಿಯಲ್ಲಿ 'ದೊಂಬರಾಟ'ಕ್ಕೆ ಅರ್ಥ ಹೇಳುವ ಉಪಾಧ್ಯಾಯರು ಎರಡನೆಯ ಅರ್ಥವು ಹುಟ್ಟಿದ ಕಥೆಯನ್ನೂ ಹೇಳಬೇಕಾಗುತ್ತದೆ. ಹಗ್ಗದ ಮೇಲೆ ನಡೆದವನ ತಪ್ಪು ಅದರಲ್ಲಿ ಏನೂ ಇಲ್ಲ.