ಪ್ರಯೋಗಶಾಲೆಯ ಗುರುಶಿಷ್ಯರು

ಸಾಹಿತ್ಯದಲ್ಲಿ ಸಂಶೋಧನೆ ನಡೆಸುವವನು ಬಹುಮಟ್ಟಿಗೆ ಒಂಟಿ. ಓಲೆಗರಿಯ ಕಟ್ಟೋ ಶಾಸನದ ಪಡಿಯಚ್ಚೋ ಮುಂದಿದ್ದರೆ ಸಾಕು. ಮಾರ್ಗದರ್ಶಕರನ್ನು ತಿಂಗಳಿಗೊಮ್ಮೆ ಕಂಡರೂ ಅವನ ಕೆಲಸ ಸಾಗೀತು. ಕನ್ನಡ ಎಂ.ಎ. ಮಾಡಿ, ಪಾಠ ಹೇಳಿ ನಿವೃತ್ತನಾದ ನಾನು ಬಲ್ಲದ್ದು ಈ ಬಗೆಯ ಸಂಶೋಧನೆಯನ್ನೇ. ಆದರೆ ನಾನೀಗ ವಾಸವಾಗಿರುವ ರಾಜರಾಜೇಶ್ವರಿನಗರಕ್ಕೆ ಜ್ಞಾನಭಾರತಿಯ ಆವರಣ ಬಹು ಸಮೀಪ. ಸಂಜೆಯ ತಿರುಗಾಟದಲ್ಲಿ ಜೊತೆಯಾಗುವ ವಿಜ್ಞಾನದ ಸಂಶೋಧನ ವಿದ್ಯಾರ್ಥಿಗಳ ಮಾತಿನಲ್ಲಿ ಅವರ ವಿಷಯಕ್ಕಿಂತ ಹೆಚ್ಚಾಗಿ ಕೇಳಿಬರುವುದು 'ಗೈಡು' ಎಂಬ ಶಬ್ದ. ಒಮ್ಮೆ ಅದರಲ್ಲಿ ಭಕ್ತಿಯಿರುತ್ತದೆ, ಒಮ್ಮೆ ಭಯ, ಒಮ್ಮೆ ಬರಿಯ ಆಯಾಸ.

ಇದಕ್ಕೆ ಕಾರಣ ಪ್ರಯೋಗಶಾಲೆಯ ರಚನೆಯಲ್ಲಿಯೇ ಇದೆ. ಅಲ್ಲಿ ಉಪಕರಣ ಗುರುವಿನ ಯೋಜನೆಯ ಹಣದಿಂದ ಬಂದದ್ದು. ಅದನ್ನು ನಡೆಸುವ ಕೈ ಶಿಷ್ಯನದು. ಬರುವ ಫಲಿತಾಂಶ ಇಬ್ಬರದೂ ಹೌದು, ಪ್ರಕಟವಾಗುವ ಲೇಖನದಲ್ಲಿ ಇಬ್ಬರ ಹೆಸರೂ ಇರುತ್ತದೆ. ಶಿಷ್ಯನು ನಡೆದದ್ದನ್ನೆಲ್ಲ, ಕೆಟ್ಟುಹೋದ ಪ್ರಯೋಗವನ್ನೂ ಸೇರಿಸಿ, ದಿನದಿನವೂ ಬರೆದಿಡಬೇಕು, ಅನುಕೂಲವಲ್ಲದ ಅಂಕಿಯನ್ನು ಮುಚ್ಚಿಡಬಾರದು ಎಂದು ಗುರು ಎಣಿಸುತ್ತಾನೆ. ತನಗೆ ಕೊಟ್ಟ ಸಮಸ್ಯೆ ನಾಲ್ಕೈದು ವರ್ಷಗಳಲ್ಲಿ ಮುಗಿಯುವಂಥದಿರಲಿ, ಬರೆದುಕೊಟ್ಟ ಅಧ್ಯಾಯ ಮೇಜಿನ ಮೇಲೆ ತಿಂಗಳುಗಟ್ಟಲೆ ಧೂಳು ತಿನ್ನದಿರಲಿ, ದುಡಿದುದಕ್ಕೆ ತಕ್ಕ ಸ್ಥಾನದಲ್ಲಿ ತನ್ನ ಹೆಸರು ಬರಲಿ ಎಂದು ಶಿಷ್ಯ ಎಣಿಸುತ್ತಾನೆ. ತೊಡಕೆಂದರೆ, ಇವುಗಳಲ್ಲಿ ಬಹುಪಾಲು ಇಬ್ಬರೂ ಬಾಯಿಬಿಟ್ಟು ಆಡದ ಮಾತುಗಳು. ಗುರುವಿನೆದುರು ಲೆಕ್ಕ ಕೇಳುವುದು ಅವಿನಯವೆಂಬ ಭಾವನೆ ನಮ್ಮಲ್ಲಿ ಇನ್ನೂ ಬಲವಾಗಿದೆ. ಆ ವಿನಯದ ಮರೆಯಲ್ಲಿ ಎಷ್ಟೋ ಎಳೆಯರ ವರ್ಷಗಳು ಕಳೆದುಹೋಗುತ್ತವೆಂದು ನನ್ನ ಎಣಿಕೆ.

ಈಗ ನಿಯಮಗಳುಂಟು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಗಳಂತೆ ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ 8ಕ್ಕಿಂತ ಹೆಚ್ಚು ಮಂದಿಗೆ ಪಿಎಚ್.ಡಿ. ಮಾರ್ಗದರ್ಶಕರಾಗುವಂತಿಲ್ಲ, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4. ವಿದ್ಯಾರ್ಥಿಯು ಪ್ರತಿ ಸೆಮಿಸ್ಟರಿನಲ್ಲೂ ಒಂದು ಸಲಹಾ ಸಮಿತಿಯ ಮುಂದೆ ತನ್ನ ಕೆಲಸವನ್ನು ನಿವೇದಿಸಬೇಕು. ಇದೆಲ್ಲ ಒಳ್ಳೆಯದೇ. ಆದರೆ ನಿಯಮ ತಲೆಗಳನ್ನು ಎಣಿಸಬಲ್ಲದು, ಅಧ್ಯಾಯವನ್ನು ಓದಿಸಲಾರದು.

ಇಂಥ ನಿಯಮಗಳಿಲ್ಲದ ಕಾಲದ ಸಂಗತಿಗಳು ನಮ್ಮ ಊರಿನಲ್ಲಿಯೇ ಇವೆ. ಸರ್ ಸಿ.ವಿ. ರಾಮನ್ ಅವರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಅದೇ ವರ್ಷ ಮುಂಬಯಿಯಲ್ಲಿ ಮೊದಲಿಗರಾಗಿ ಪದವಿ ಪಡೆದಿದ್ದ ಕಮಲಾ ಭಾಗವತ್, ಮುಂದೆ ಕಮಲಾ ಸೊಹೋನಿ ಎಂದು ಪ್ರಸಿದ್ಧರಾದವರು, ಪ್ರವೇಶ ಬೇಡಿದರು. ಹೆಣ್ಣೆಂಬ ಕಾರಣಕ್ಕೆ ರಾಮನ್ ಒಪ್ಪಲಿಲ್ಲ. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಇರಬಹುದೆಂದೂ, ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ದುಡಿಯಬೇಕೆಂದೂ ಕಟ್ಟುಮಾಡಿ ಸೇರಿಸಿಕೊಂಡರು. ಆಕೆಗೆ ಗುರುವಾಗಿ ದೊರೆತವರು ಜೀವರಸಾಯನ ವಿಭಾಗದ ಶ್ರೀನಿವಾಸಯ್ಯನವರು. ಹಾಲು, ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಆಕೆ ಅವರ ಬಳಿ ದುಡಿದು 1936ರಲ್ಲಿ ಎಂ.ಎಸ್ಸಿ. ಪಡೆದರು, 1939ರಲ್ಲಿ ಕೇಂಬ್ರಿಜ್ಜಿನ ಡಾಕ್ಟರೇಟೂ ಬಂದಿತು. ಒಂದೇ ಸಂಸ್ಥೆಯಲ್ಲಿ ಒಬ್ಬರು ಬಾಗಿಲು ಮುಚ್ಚಿದರು, ಇನ್ನೊಬ್ಬರು ಒಳಗೆ ಕರೆದು ಕೆಲಸ ಕಲಿಸಿದರು. ಮುಚ್ಚಿದವರ ಹೆಸರು ಎಲ್ಲರಿಗೂ ಗೊತ್ತು. ಕಲಿಸಿದವರದು ಎಷ್ಟು ಜನಕ್ಕೆ ಗೊತ್ತು?

ಹಾಗೆಂದು ರಾಮನ್ ಅವರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಬೆಳಕು ಶಬ್ದದ ಅಲೆಗಳನ್ನು ಹಾಯುವಾಗ ಹೇಗೆ ಚದರುವುದೆಂಬ ವಿಷಯದಲ್ಲಿ 1935-36ರಲ್ಲಿ ಅವರು ತರುಣ ನಾಗೇಂದ್ರನಾಥರೊಡನೆ ರೂಪಿಸಿದ ಸಿದ್ಧಾಂತಕ್ಕೆ ಇಂದಿಗೂ ಜಗತ್ತಿನಲ್ಲಿ 'ರಾಮನ್-ನಾಥ್ ಸಿದ್ಧಾಂತ'ವೆಂದೇ ಹೆಸರು. ಗುರುವಿನ ಹೆಸರಿಗೆ ಶಿಷ್ಯನ ಹೆಸರು ಹೆಗಲೆಣೆಯಾಗಿ ನಿಂತಿದೆ.

ಅನ್ನಾ ಮಣಿ ಅವರ ಕಥೆ ಇನ್ನೂ ಗಹನವಾದದ್ದು. 1940ರಲ್ಲಿ ಅವರು ರಾಮನ್ ಪ್ರಯೋಗಶಾಲೆಗೆ ಬಂದಾಗ ಹೆಣ್ಣುಮಕ್ಕಳಿಗೆ ಅಲ್ಲಿ ಸ್ಥಾನ ದೊರೆಯತೊಡಗಿದ್ದಿತು. ವಜ್ರ ಮತ್ತು ಮಾಣಿಕ್ಯಗಳು ಹೊಮ್ಮಿಸುವ ಬೆಳಕು ಅವರ ವಿಷಯ. ಆ ಮಂದ ಬೆಳಕನ್ನು ಛಾಯಾಫಲಕದ ಮೇಲೆ ಹಿಡಿಯಲು ಹದಿನೈದು ಇಪ್ಪತ್ತು ಗಂಟೆಗಳು ಬೇಕಾಗುತ್ತಿದ್ದುವು. ರಾತ್ರಿಗಳು ಪ್ರಯೋಗಶಾಲೆಯಲ್ಲಿಯೇ ಕಳೆಯುತ್ತಿದ್ದುವು. 1942ರಿಂದ 1945ರವರೆಗೆ ಅವರು ಪ್ರಕಟಿಸಿದ ಐದು ಲೇಖನಗಳಲ್ಲಿ ಇದ್ದದ್ದು ಅವರೊಬ್ಬರದೇ ಹೆಸರು. ಗುರು ತನ್ನ ಹೆಸರನ್ನು ಸೇರಿಸಲಿಲ್ಲ. ಇಂದು ಒಂದೊಂದು ಲೇಖನಕ್ಕೂ ಹೆಸರುಗಳ ಸಾಲನ್ನೇ ಕಾಣುವ ನಮಗೆ ಇದು ಸಣ್ಣ ಮಾತಾಗಿ ತೋರಬಾರದು.

1945ರಲ್ಲಿ ಪ್ರಬಂಧ ಸಿದ್ಧವಾಗಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಹೋಯಿತು. ಆಕೆಗೆ ಎಂ.ಎಸ್ಸಿ. ಇಲ್ಲವೆಂಬ ಕಾರಣದಿಂದ ಡಾಕ್ಟರೇಟು ದೊರೆಯಲಿಲ್ಲ. ಶಿಷ್ಯೆ ಮಾಡಬೇಕಾದುದೆಲ್ಲವನ್ನೂ ಮಾಡಿದ್ದಳು. ಪದವಿ ಮಾತ್ರ ಸಿಗಲಿಲ್ಲ. ಕೆಲಸ ಕಲಿಸುವುದರ ಜೊತೆಗೆ ವಿಶ್ವವಿದ್ಯಾನಿಲಯದ ಕಟ್ಟಳೆಯನ್ನು ಮೊದಲೇ ವಿಚಾರಿಸಿಡುವುದೂ ಗುರುವಿನ ಹೊಣೆಯೇ ಎಂದು ಇಂದಿನ ವಿದ್ಯಾರ್ಥಿ ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದೆಂದೇ ನಾನು ಹೇಳುವೆನು.

ಅನ್ನಾ ಮಣಿ ಅವರು ಆಮೇಲೆ ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳನ್ನು ಅಭ್ಯಾಸ ಮಾಡಿ, 1948ರಲ್ಲಿ ಹವಾಮಾನ ಇಲಾಖೆಯನ್ನು ಸೇರಿ, 1976ರಲ್ಲಿ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು. ಬಳಿಕ ರಾಮನ್ ಸಂಶೋಧನ ಸಂಸ್ಥೆಯಲ್ಲಿ ಮೂರು ವರ್ಷ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಪದವಿಯಿಲ್ಲದ ಆ ಪ್ರಬಂಧ ಅದೇ ಸಂಸ್ಥೆಯ ಗ್ರಂಥಾಲಯದಲ್ಲಿ, ಪದವಿ ಪಡೆದ ಇತರ ಪ್ರಬಂಧಗಳ ನಡುವೆ, ಅವುಗಳಂತೆಯೇ ರಟ್ಟು ಕಟ್ಟಿಸಿಕೊಂಡು ಕುಳಿತಿದೆ.